ಸೆಕೆಂಡ್ ಹ್ಯಾಂಡ್ ಬಿ450 ಬೋರ್ಡ್: ರೆಂಡರ್‌ಗೆ ಹಾಕಿದ್ರೆ ರೀಸ್ಟಾರ್ಟ್ ಆಗ್ತಿದೆ, ವಾಪಸ್ ಕೊಡಲೇ?

ಪ್ರಶ್ನೆ

ಹೋದ ವಾರ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಹಳೇ ಮೈಕ್ರೋ ಎಟಿಎಕ್ಸ್ ಬಿ450 ಮದರ್‌ಬೋರ್ಡ್ ತಗೊಂಡೆ. ರೈಜನ್ 5 3600, 8 ಜಿಬಿಯ ಎರಡು ಡಿಡಿಆರ್4 ರ್‍ಯಾಮ್ ಕಡ್ಡಿ, ಎಕ್ಸ್‌ಎಂಪಿ (ರ್‍ಯಾಮ್ ವೇಗ ಏರಿಸೋ ಸೆಟ್ಟಿಂಗ್) ಆನ್ ಮಾಡಿ 3200ಕ್ಕೆ ಇಟ್ಟಿದ್ದೀನಿ. ದೊಡ್ಡ ಟವರ್ ಕೂಲರ್ ಇದೆ. ಬ್ರೌಸಿಂಗ್, ಟೈಪಿಂಗ್‌ಗೆ ಏನೂ ತೊಂದರೆ ಇಲ್ಲ. ವಿಡಿಯೋ ರೆಂಡರ್‌ಗೆ ಹಾಕಿ ಹತ್ತು ನಿಮಿಷ ಆಗೋದ್ರೊಳಗೆ ನೀಲಿ ಪರದೆ, ಇಲ್ಲಾಂದ್ರೆ ನೇರ ರೀಸ್ಟಾರ್ಟ್. ವಿಂಡೋಸ್‌ನ ಈವೆಂಟ್ ವ್ಯೂವರ್ (ದೋಷಗಳ ದಾಖಲೆ) ತುಂಬಾ ಕರ್ನಲ್-ಪವರ್ 41. ಗೆಳೆಯನ ಎಸ್‌ಎಂಪಿಎಸ್ (ಪವರ್ ಸಪ್ಲೈ) ತಂದು ಹಾಕಿದ್ರೂ ಅದೇ ಕಥೆ. ಶನಿವಾರದೊಳಗೆ ಕೊಟ್ರೆ ವಾಪಸ್ ತಗೋತೀವಿ ಅಂದಿದ್ದಾರೆ.

ಉತ್ತರ

41 ನೋಡಿ ಗಾಬರಿ ಬೇಡ. ಮಷಿನ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತ್ತು ಅಂತಷ್ಟೇ ಅದರ ಅರ್ಥ, ಕಾರಣ ಅದು ಹೇಳೋದಿಲ್ಲ. ರ್‍ಯಾಮ್ ಯಾವ ಸ್ಲಾಟ್‌ಗಳಲ್ಲಿದೆ?

ಪ್ರಶ್ನೆ ಕೇಳಿದವರು

ಪ್ರೊಸೆಸರ್ ಕಡೆಯಿಂದ ಎಣಿಸಿದ್ರೆ ಮೂರು ಮತ್ತು ನಾಲ್ಕು. ಕೂಲರ್ ಫ್ಯಾನ್ ಮೊದಲ ಎರಡು ಸ್ಲಾಟ್ ಮೇಲೆ ಚಾಚಿಕೊಂಡಿದೆ, ಕಡ್ಡಿಯ ಹೀಟ್‌ಸಿಂಕ್ ತಾಗುತ್ತೆ.

ಉತ್ತರ

ಸಿಕ್ತು ನೋಡಿ. ನಿಮ್ಮ ಬೋರ್ಡ್‌ನಲ್ಲಿ ಸ್ಲಾಟ್‌ಗಳು ಸಾಮಾನ್ಯ ಕ್ರಮದಲ್ಲೇ ಇದ್ದರೆ, ಅಂದ್ರೆ ಎ1, ಎ2, ಬಿ1, ಬಿ2, ಎರಡೂ ಕಡ್ಡಿ, ಪ್ರೊಸೆಸರ್‌ಗೆ ಹೋಗೋ ಎರಡು ಮೆಮೊರಿ ದಾರಿಗಳಲ್ಲಿ ಒಂದಾದ ಬಿ ಚಾನಲ್‌ನಲ್ಲೇ ಕೂತಿವೆ. ಡ್ಯುಯಲ್ ಚಾನಲ್ ಹೋಯ್ತು, ಜೊತೆಗೆ ಒಂದೇ ಚಾನಲ್ ಎರಡು ಕಡ್ಡಿಯ ಭಾರ ಹೊತ್ತು 3200ರಲ್ಲಿ ಓಡಬೇಕು. ಈ ಪ್ರೊಸೆಸರ್‌ಗೆ ಎಎಂಡಿ 3200 ಅಂತ ಹೇಳಿರೋದು ಚಾನಲ್‌ಗೆ ಒಂದೊಂದು ಕಡ್ಡಿ ಇದ್ದಾಗ. ಪ್ರತಿ ಚಾನಲ್‌ನಲ್ಲೂ ಎರಡೆರಡು ಹಾಕಿದ್ರೆ, ಚಿಪ್‌ಗಳು ಒಂದೇ ಗುಂಪಾಗಿರೋ ಸಿಂಗಲ್ ರ್‍ಯಾಂಕ್‌ಗೆ 2933, ಎರಡು ಗುಂಪಿರೋ ಡ್ಯುಯಲ್ ರ್‍ಯಾಂಕ್‌ಗೆ 2667 ಮಾತ್ರ. ಬೋರ್ಡ್ ಕೆಟ್ಟಿದೆ ಅನ್ನೋದಕ್ಕೆ ಮುಂಚೆ ಅದಕ್ಕೆ ನ್ಯಾಯವಾದ ಪರೀಕ್ಷೆ ಕೊಡಿ.

ಫ್ಯಾನ್‌ನ ತಂತಿ ಕ್ಲಿಪ್ ಸಡಿಲಿಸಿ, ಕಡ್ಡಿಯ ಎತ್ತರದಷ್ಟು ಮೇಲಕ್ಕೆ ಸರಿಸಿ. ಕೇಸ್ ಬಾಗಿಲು ಮುಚ್ಚದಿದ್ರೆ ಫ್ಯಾನನ್ನು ಕೂಲರ್‌ನ ಹಿಂದಿನ ಮಗ್ಗುಲಿಗೆ ಹಾಕಿ, ಗಾಳಿ ಎಳೆಯೋ ದಿಕ್ಕಿಗೆ. ಕಡ್ಡಿಗಳು ಎ2, ಬಿ2ಗೆ ಹೋಗಲಿ. ಮೊದಲು ಎಕ್ಸ್‌ಎಂಪಿ ಆಫ್ ಮಾಡಿ, ಪೆನ್ ಡ್ರೈವ್‌ನಿಂದ ಮೆಮ್‌ಟೆಸ್ಟ್86 (ರ್‍ಯಾಮ್ ಪರೀಕ್ಷಿಸೋ ಪ್ರೋಗ್ರಾಂ) ನಾಲ್ಕು ಸುತ್ತು ಓಡಿಸಿ. ಒಂದೇ ಒಂದು ಎರರ್ ಬಂದ್ರೂ ಅದು ಫೇಲೇ. ಆಮೇಲೆ ಎಕ್ಸ್‌ಎಂಪಿ ಹಾಕಿ ಮತ್ತೆ ಓಡಿಸಿ.

ಎರರ್ ಬಂದ್ರೆ ಒಂದೊಂದೇ ಕಡ್ಡಿ ಇಟ್ಟು ನೋಡಿ. ಕಡ್ಡಿ ಯಾವ ಸ್ಲಾಟ್‌ಗೆ ಹೋದ್ರೂ ಎರರ್ ಅದರ ಹಿಂದೆಯೇ ಬಂದ್ರೆ ಕಡ್ಡಿ ಕೆಟ್ಟಿದೆ. ಯಾವ ಕಡ್ಡಿ ಇಟ್ಟರೂ ಅದೇ ಸ್ಲಾಟ್‌ನಲ್ಲಿ ಬಂದ್ರೆ ಬೋರ್ಡ್ ಮೇಲೆ ಅನುಮಾನ, ಆದ್ರೆ ಪ್ರೊಸೆಸರ್ ತೆಗೆದು ಪಿನ್ ಬಾಗಿದೆಯಾ ಅಂತಲೂ ನೋಡಿ. ಈ ಎಎಂ4 ಸಾಕೆಟ್ ಮಾದರಿಯಲ್ಲಿ ಪಿನ್ ಇರೋದು ಪ್ರೊಸೆಸರ್‌ನಲ್ಲಿ, ಬೋರ್ಡ್‌ನಲ್ಲಲ್ಲ.

ಪ್ರಶ್ನೆ ಕೇಳಿದವರು

ಮಾಡಿದೆ. ಫ್ಯಾನ್ ಎರಡು ಬೆರಳು ಮೇಲೆ ಹೋಯ್ತು, ಬಾಗಿಲು ಕೂದಲೆಳೆ ಅಂತರದಲ್ಲಿ ಮುಚ್ಚಿತು. ಎಕ್ಸ್‌ಎಂಪಿ ಇಲ್ಲದೆ ಎರರ್ ಸೊನ್ನೆ. ರಾತ್ರಿಯಿಡೀ 3200ರಲ್ಲಿ ಓಡಿಸಿದೆ, ಅಲ್ಲೂ ಸೊನ್ನೆ! ಸಿಪಿಯು-ಝಡ್ ಪ್ರೋಗ್ರಾಂನಲ್ಲಿ ಡ್ಯುಯಲ್ ಬಂತು, ಆದ್ರೆ ಫ್ರೀಕ್ವೆನ್ಸಿ 1600 ತೋರಿಸ್ತಿದೆಯಲ್ಲ?

ಉತ್ತರ

ಡಿಡಿಆರ್ ಅಂದ್ರೆ ಡಬಲ್ ಡೇಟಾ ರೇಟ್, ಅದನ್ನ ಎರಡರಿಂದ ಗುಣಿಸಿ. 3200 ಸರಿಯಾಗಿದೆ.

ಶನಿವಾರದ ಒಳಗೆ ಇನ್ನೊಂದು ನೋಡಿ. ಸಾಕೆಟ್ ಸುತ್ತ ಇರೋ, ಪ್ರೊಸೆಸರ್‌ಗೆ ಬೇಕಾದ ವೋಲ್ಟೇಜ್ ಕೊಡೋ ವಿಆರ್‌ಎಂಗೆ ಹೀಟ್‌ಸಿಂಕ್ ಇದೆಯಾ? ಪ್ರೊಸೆಸರ್ ಜೊತೆ ಬರೋ ಕೂಲರ್ ಗಾಳಿಯನ್ನ ಕೆಳಗೆ, ಬೋರ್ಡ್ ಮೇಲೆ ಊದುತ್ತೆ. ಟವರ್ ಕೂಲರ್ ಅದನ್ನ ಹಿಂದಕ್ಕೆ ಕಳಿಸುತ್ತೆ, ವಿಆರ್‌ಎಂಗೆ ಹೆಚ್ಚೇನೂ ಸಿಗಲ್ಲ. ಅರ್ಧ ಗಂಟೆ ರೆಂಡರ್ ಹಾಕಿ, ಎಚ್‌ಡಬ್ಲ್ಯೂಇನ್‌ಫೋದಲ್ಲಿ ವಿಆರ್‌ಎಂ ತಾಪ ನೋಡಿ.

ಪ್ರಶ್ನೆ ಕೇಳಿದವರು

ಒಂದು ಕಡೆ ಮಾತ್ರ ಹೀಟ್‌ಸಿಂಕ್ ಇದೆ. 94 ಡಿಗ್ರಿ ಮುಟ್ಟಿತ್ತು. ಕೇಸ್ ಹಿಂದೆ 120 ಎಂಎಂ ಫ್ಯಾನ್ ಹಾಕಿದ ಮೇಲೆ 81ಕ್ಕೆ ನಿಂತಿದೆ, ನಲವತ್ತು ನಿಮಿಷದ ರೆಂಡರ್ ಪೂರ್ತಿ ಮುಗೀತು. ಉಳಿದಿದ್ದು ಗ್ರಾಫಿಕ್ಸ್ ಕಾರ್ಡ್ ಕೆಳಗೆ ಸಿಕ್ಕಿಕೊಂಡಿರೋ ಎರಡು ಸಾಟಾ (ಡಿಸ್ಕ್ ಜೋಡಿಸೋ) ಪೋರ್ಟ್. ಅದಕ್ಕೆ ಎಲ್ ಆಕಾರದ ತುದಿಯ ಕೇಬಲ್ ತರ್ತೀನಿ. ಬೋರ್ಡ್ ವಾಪಸ್ ಕೊಡ್ತಿಲ್ಲ.