ಗುತ್ತಿಗೆ ಆದೇಶ ಹೈಕೋರ್ಟಲ್ಲಿ ರದ್ದಾಯ್ತು, ಕೇಸಿನ ಖರ್ಚು ಇಲಾಖೆಯಿಂದ ವಸೂಲಾಗುತ್ತಾ?

ನಾಲೆಬಯಲು, ಮಂಡ್ಯ

ಎಲ್ಲರಿಗೂ ನಮಸ್ಕಾರ. ಮಂಡ್ಯ ತಾಲ್ಲೂಕಿನ ಒಂದು ನಾಲಾ ಏರಿ ರಸ್ತೆ ಕಾಮಗಾರಿ, ಅಂದಾಜು ಮೊತ್ತ 92 ಲಕ್ಷ, ಎರಡು ಲಕೋಟೆ ಪದ್ಧತಿ. ವಹಿವಾಟು ಪ್ರಮಾಣಪತ್ರ ನಿಗದಿತ ನಮೂನೆಯಲ್ಲಿಲ್ಲ ಅಂತ ತಾಂತ್ರಿಕ ಬಿಡ್‌ನಲ್ಲೇ ನಮ್ಮನ್ನ ಕೈಬಿಟ್ಟು ಬೇರೆಯವರಿಗೆ ಕೊಟ್ಟರು. ಟೆಂಡರ್ ದಾಖಲೆಯಲ್ಲಿ ಅಂಥ ನಮೂನೆಯೇ ಇರಲಿಲ್ಲ. ಕೆಟಿಪಿಪಿ ಕಾಯ್ದೆ (ಕರ್ನಾಟಕದ ಸರ್ಕಾರಿ ಟೆಂಡರ್ ಕಾಯ್ದೆ) ಕಲಂ 16ರ ಮೇಲ್ಮನವಿ ವಜಾ ಆಯ್ತು. ಹೈಕೋರ್ಟ್ ರಿಟ್ ಅರ್ಜಿ ಪುರಸ್ಕರಿಸಿ, ಗುತ್ತಿಗೆ ಆದೇಶ ರದ್ದು ಮಾಡಿ, ಬಿಡ್‌ಗಳನ್ನ ಮತ್ತೆ ಪರಿಶೀಲಿಸಿ ಅಂದಿದೆ. ಖರ್ಚಿನ ಬಗ್ಗೆ ಒಂದಕ್ಷರವೂ ಇಲ್ಲ. ವಕೀಲರ ಫೀಸೇ 1.80 ಲಕ್ಷ, ಟೈಪಿಂಗ್, ನಕಲು, ಬೆಂಗಳೂರಿನ ಓಡಾಟ ಬೇರೆ. ಇದನ್ನ ವಸೂಲಿ ಮಾಡೋ ದಾರಿ ಇದೆಯಾ? ಆದೇಶವಾಗಿ ಎರಡು ವಾರ ಆಯ್ತು.

ಕಲಂ_ಕಾಯ್ದೆ, ಮೈಸೂರು

ಸಾರ್, ಮೊದಲು ನಿಮ್ಮ ರಿಟ್ ಅರ್ಜಿಯ ಕೊನೇ ಭಾಗ, ಪ್ರಾರ್ಥನೆ, ತೆಗೆದು ನೋಡಿ. ‘ವೆಚ್ಚ ಸಹಿತ’ ಅಂತ ಕೇಳಿದ್ದೀರಾ? ಕೇಳಿಯೂ ಆದೇಶದಲ್ಲಿ ಏನೂ ಹೇಳಿಲ್ಲ ಅಂದ್ರೆ, ನಿರಾಕರಿಸಿದ ಹಾಗೇ ಲೆಕ್ಕ. ಕೇಳೇ ಇಲ್ಲದಿದ್ರೆ ಈಗ ಕೇಳೋದು ಇನ್ನೂ ಕಷ್ಟ.

ದಾವೆ ಗೆದ್ದವರಿಗೆ ಖರ್ಚು ಕೊಡಿಸೋದು ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಕಲಂ 35. ರಿಟ್‌ಗೆ ಅದು ನೇರವಾಗಿ ಅನ್ವಯಿಸಲ್ಲ. ಸಂವಿಧಾನದ 226ನೇ ವಿಧಿಯ, ಅಂದ್ರೆ ಹೈಕೋರ್ಟ್ ರಿಟ್‌ನ, ನಡಾವಳಿಗಳನ್ನ ಸಿಪಿಸಿ ಕಲಂ 141ರ ವಿವರಣೆಯೇ ಹೊರಗಿಟ್ಟಿದೆ. ಹಾಗಾಗಿ ರಿಟ್‌ನಲ್ಲಿ ಖರ್ಚು ಪೂರ್ತಿ ನ್ಯಾಯಮೂರ್ತಿಗಳ ವಿವೇಚನೆಗೆ ಬಿಟ್ಟಿದ್ದು. ಕೊಟ್ಟರೂ ಒಂದು ಒಟ್ಟು ಮೊತ್ತ ಹೇಳ್ತಾರೆ. ನೀವು ಕಟ್ಟಿದ ಫೀಸಿಗೂ ಅದಕ್ಕೂ ತಾಳೆ ಇರಲ್ಲ. ಎಷ್ಟೋ ಸಲ ಆ ದುಡ್ಡನ್ನ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಟ್ಟಿ ಅಂತಾರೆ. ದೆಹಲಿ ಹೈಕೋರ್ಟ್ ಒಂದು ಪ್ರಕರಣದಲ್ಲಿ ಕೊಡಿಸಿದ್ದ 45 ಲಕ್ಷಕ್ಕೂ ಮೇಲ್ಪಟ್ಟ ವೆಚ್ಚವನ್ನ ಸುಪ್ರೀಂ ಕೋರ್ಟ್ 2011ರಲ್ಲಿ ತೆಗೆದುಹಾಕಿತು. ವೆಚ್ಚ ವಾಸ್ತವಕ್ಕೆ ಹತ್ತಿರ ಇರಬೇಕು ನಿಜ, ಆದರೆ ನಿಯಮ ಮೀರಿ ಕೊಡೋ ಹಾಗಿಲ್ಲ ಅಂತ.

ನಿಮಗೆ ಉಳಿದಿರೋದು ಮೂರು ದಾರಿ, ಮೂರೂ ಕಿರಿದು. ವಾದದ ವೇಳೆ ವೆಚ್ಚದ ಮಾತು ಬಂದಿದ್ದು ಆದೇಶ ಬರೆಸುವಾಗ ತಪ್ಪಿಹೋಗಿದ್ರೆ, ಅದೇ ಪೀಠದ ಮುಂದೆ ‘ಬೀಯಿಂಗ್ ಸ್ಪೋಕನ್ ಟು’ ಮೆಮೊ ಹಾಕಿಸಿ. ಅದು ಸಣ್ಣಪುಟ್ಟ ತಿದ್ದುಪಡಿಗೆ ಮಾತ್ರ, ಹೊಸ ಪರಿಹಾರ ಕೇಳೋಕಲ್ಲ. ಎರಡನೆಯದು ಪುನರ್‌ವಿಮರ್ಶೆ ಅರ್ಜಿ (ಅದೇ ಪೀಠ ತನ್ನ ಆದೇಶವನ್ನ ಮತ್ತೆ ನೋಡೋದು), ಮೂರನೆಯದು ರಿಟ್ ಮೇಲ್ಮನವಿ (ದೊಡ್ಡ ಪೀಠದ ಮುಂದೆ). ಎರಡಕ್ಕೂ 30 ದಿನ. ದೃಢೀಕೃತ ನಕಲು ಪಡೆಯೋಕೆ ಹಿಡಿದ ದಿನಗಳನ್ನ ಮೇಲ್ಮನವಿಯ ಅವಧಿಯಿಂದ ಕಳೀತಾರೆ. ಬರೀ ಖರ್ಚಿಗಾಗಿ ಮೇಲ್ಮನವಿ ಹಾಕಿದ್ರೆ ಸಾಮಾನ್ಯವಾಗಿ ಒಪ್ಪಲ್ಲ. ಅದಕ್ಕಿಂತ ದೊಡ್ಡ ಅಪಾಯ, ಎದುರಿನವರೂ ಮೇಲ್ಮನವಿಗೆ ಇಳಿದು ನೀವು ಗೆದ್ದಿದ್ದೇ ಅಲುಗಾಡಬಹುದು. ನನ್ನ ಅಭಿಪ್ರಾಯ ಕೇಳೋದಾದ್ರೆ ಮೆಮೊಗಿಂತ ಮುಂದೆ ಹೋಗಬೇಡಿ.

ಬಿಲ್ಲು_ಬಾಕಿ, ಮದ್ದೂರು

ಖರ್ಚಿನ ಮಾತು ಆಮೇಲೆ, ಅಣ್ಣಾ. ನಿಮ್ಮ ಬಿಡ್‌ಗೆ ಇನ್ನೂ ಜೀವ ಇದೆಯಾ? ಸಿಂಧುತ್ವ ಸಾಮಾನ್ಯವಾಗಿ 90 ದಿನ. ಮೇಲ್ಮನವಿ, ರಿಟ್ ಅಂತ ಅಷ್ಟು ದಿನ ಯಾವಾಗಲೋ ಕಳೆದಿರುತ್ತೆ. ಮರುಪರಿಶೀಲನೆಗೆ ಕೂತಾಗ ‘ಈ ಬಿಡ್ ಅವಧಿ ಮುಗಿದಿದೆ’ ಅಂತ ಒಂದೇ ಸಾಲು ಬರೆದು ಪಕ್ಕಕ್ಕಿಟ್ಟರೆ ಗೆದ್ದ ಕೇಸೂ ನೀರಲ್ಲಿ ಹೋಮ. ಇವತ್ತೇ ಟೆಂಡರ್ ಅಂಗೀಕಾರ ಪ್ರಾಧಿಕಾರಕ್ಕೆ ಪತ್ರ ಕೊಡಿ: ದರ ಬದಲಿಸದೆ ಸಿಂಧುತ್ವ ಇಂಥ ತಾರೀಖಿನ ತನಕ ವಿಸ್ತರಿಸಿದ್ದೇನೆ ಅಂತ. ಇಎಂಡಿ (ಬಿಡ್ ಜೊತೆ ಕಟ್ಟೋ ಮುಂಗಡ ಠೇವಣಿ) ಬ್ಯಾಂಕ್ ಗ್ಯಾರಂಟಿ ರೂಪದಲ್ಲಿದ್ರೆ ಅದನ್ನೂ ಅಷ್ಟೇ ದಿನಕ್ಕೆ ವಿಸ್ತರಿಸಿ. ಇಎಂಡಿ ವಾಪಸ್ ಬಂದಿದ್ರೆ ಮತ್ತೆ ಕಟ್ಟೋಕೆ ಸಿದ್ಧ ಅಂತ ಬರೀರಿ. ಆದೇಶದ ದೃಢೀಕೃತ ನಕಲು ಲಗತ್ತಿಸಿ, ಟಪಾಲು ವಿಭಾಗದ ಮೊಹರು, ತಾರೀಖು, ಸಹಿ ಇರೋ ಸ್ವೀಕೃತಿ ತಗೊಳ್ಳಿ. ಕೈಗೆ ಕೊಟ್ಟು ಬಂದೆ ಅನ್ನೋದು ಲೆಕ್ಕಕ್ಕಿಲ್ಲ.

ಆಗಲೇ ಎಷ್ಟು ಕೆಲಸ ನಡೆದಿದೆ ಅಂತಲೂ ನೋಡಿ. ಮೆಟ್ಲಿಂಗ್ (ಜಲ್ಲಿ ಹಾಸೋದು) ತನಕ ಬಂದಿದ್ರೆ ಉಳಿದ ಭಾಗಕ್ಕೆ ಮಾತ್ರ ಟೆಂಡರ್ ಕರೀತೀವಿ ಅಂತ ಹೊರಡಬಹುದು. ತಾರೀಖು ಬರೋ ಹಾಗೆ ಸ್ಥಳದ ಫೋಟೊ ತೆಗೆದಿಟ್ಟುಕೊಳ್ಳಿ, ಆರ್‌ಟಿಐನಲ್ಲಿ ಅಳತೆ ಪುಸ್ತಕದ (ಆದ ಕೆಲಸದ ಅಳತೆ ಬರೆದಿಡೋ ದಾಖಲೆ) ಪುಟಗಳ ನಕಲು ಕೇಳಿ.

ನಾಲೆಬಯಲು, ಮಂಡ್ಯ

ತುಂಬಾ ಉಪಕಾರ ಆಯ್ತು. ಪ್ರಾರ್ಥನೆಯಲ್ಲಿ ವೆಚ್ಚ ಕೇಳಿಲ್ಲ. ಹಾಗಾದ್ರೆ ಸಿವಿಲ್ ಕೋರ್ಟಲ್ಲಿ ನಷ್ಟಪರಿಹಾರಕ್ಕೆ ದಾವೆ ಹೂಡಿ, ಅದರಲ್ಲಿ ಈ ಖರ್ಚನ್ನೂ ಸೇರಿಸಬಹುದಾ?

ಕಲಂ_ಕಾಯ್ದೆ, ಮೈಸೂರು

ಸೇರಿಸಿದ್ರೂ ನಿಲ್ಲಲ್ಲ ಸಾರ್. ಒಂದು ನಡಾವಳಿಯ ಖರ್ಚು ಅದೇ ನಡಾವಳಿಯಲ್ಲೇ ತೀರ್ಮಾನ ಆಗಬೇಕು. ಅಲ್ಲಿ ಸಿಗದ್ದನ್ನ ಅದೇ ಎದುರಾಳಿ ಮೇಲೆ ಬೇರೆ ದಾವೆ ಹೂಡಿ ಕೇಳೋಕಾಗಲ್ಲ.

ಗುತ್ತಿಗೆ ಕೈತಪ್ಪಿದ ನಷ್ಟಕ್ಕೆ ದಾವೆ ಹಾಕೋದು ಬೇರೆ ವಿಷಯ. ಟೆಂಡರ್ ತಕರಾರಿದ್ದವರು ಸಿವಿಲ್ ಕೋರ್ಟಲ್ಲಿ ನಷ್ಟ ಕೇಳಬಹುದು ಅಂತ ಸುಪ್ರೀಂ ಕೋರ್ಟೇ ಜಗದೀಶ್ ಮಂಡಲ್ ಪ್ರಕರಣದಲ್ಲಿ ಹೇಳಿದೆ. ಆದರೆ ನಿಮ್ಮ ಬಿಡ್ ಅಂಗೀಕಾರವೇ ಆಗಿಲ್ಲ, ಅಂದ್ರೆ ಕರಾರೇ ಹುಟ್ಟಿಲ್ಲ. ಕೆಲಸ ಕೊಟ್ಟು ನಡುವೆ ಕಿತ್ತುಕೊಂಡಾಗ ಕೊಡಿಸೋ ಹಾಗೆ ಶೇ. 10, 15 ಲಾಭ ಇಲ್ಲಿ ಕೇಳಿದ್ರೆ ಮೊದಲ ಪ್ರಶ್ನೆಯೇ ಅದು. ಬಿಡ್ ತಯಾರಿಯ ಖರ್ಚೂ ಸಿಗಲ್ಲ: ಟೆಂಡರ್ ತಯಾರಿ, ಸಲ್ಲಿಕೆಯ ವೆಚ್ಚವೆಲ್ಲ ಟೆಂಡರುದಾರರದ್ದೇ ಅನ್ನೋ ಷರತ್ತು ಸರ್ಕಾರದ ಕೆಡಬ್ಲ್ಯೂ-4 ಮಾದರಿ ಟೆಂಡರ್ ದಾಖಲೆಯಲ್ಲೇ ಇದೆ.

ಇಷ್ಟಾಗಿಯೂ ಹೂಡೋದಾದ್ರೆ ಸರ್ಕಾರಕ್ಕೆ ಸಿಪಿಸಿ ಕಲಂ 80ರ ನೋಟಿಸ್ ಕೊಟ್ಟು ಎರಡು ತಿಂಗಳು ಕಾಯಬೇಕು. ಮೊಬಲಗು 3 ಲಕ್ಷ ಅಥವಾ ಮೇಲ್ಪಟ್ಟಿದ್ರೆ ಕಾಮಗಾರಿ ಟೆಂಡರ್ ತಕರಾರು ವಾಣಿಜ್ಯ ವ್ಯಾಜ್ಯ ಆಗುತ್ತೆ; ತುರ್ತು ಮಧ್ಯಂತರ ಪರಿಹಾರ ಕೇಳದಿದ್ರೆ ದಾವೆಗೆ ಮುಂಚೆ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ ಕಲಂ 12ಎ ಮಧ್ಯಸ್ಥಿಕೆ ಕಡ್ಡಾಯ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ. ಕೋರ್ಟ್ ಶುಲ್ಕ ಕೇಳಿದ ಮೊತ್ತದ ಮೇಲೆ. ವಾಣಿಜ್ಯ ದಾವೆಯ ಒಂದು ಅನುಕೂಲ, ಅಲ್ಲಿ ತಿದ್ದುಪಡಿಯಾದ ಕಲಂ 35 ಪ್ರಕಾರ ಸೋತವರು ಖರ್ಚು ಕೊಡೋದೇ ಸಾಮಾನ್ಯ ನಿಯಮ, ವಕೀಲರ ಫೀಸೂ ಸೇರಿ. ಮರುಪರಿಶೀಲನೆಯಲ್ಲಿ ಕೆಲಸ ನಿಮಗೇ ಬಂದ್ರೆ ದಾವೆಯ ಪ್ರಶ್ನೆಯೇ ಇಲ್ಲ, ಅಲ್ಲೀ ತನಕ ಕಾಯಿರಿ.

ರಿಟ್ ಹಾಕೋಕೆ ಹೊರಟಿರೋ ಬೇರೆಯವರಿಗೆ: ‘ಅರ್ಜಿದಾರರಿಗೆ ಸಂದಾಯವಾಗುವಂತೆ, ತಖ್ತೆಯ ಪ್ರಕಾರ ವೆಚ್ಚ’ ಅಂತ ಪ್ರಾರ್ಥನೆಯಲ್ಲೇ ಬರೆಸಿ. ಕೊನೇ ವಾದದ ದಿನ ಆ ತಖ್ತೆ, ಅಂದ್ರೆ ಖರ್ಚಿನ ಪಟ್ಟಿ, ಸಲ್ಲಿಸಿ: ಪ್ರತಿ ಸಾಲಿಗೂ ರಸೀದಿ ನಂಬರು, ತಾರೀಖು, ಬ್ಯಾಂಕ್ ಯುಟಿಆರ್ (ಹಣ ವರ್ಗಾವಣೆಯ ಗುರುತು) ನಂಬರು. ನಗದು ಕೊಟ್ಟು ರಸೀದಿ ಪಡೆಯದ ಫೀಸನ್ನ ಅದರಲ್ಲಿ ಬರೆಯೋಕೇ ಆಗಲ್ಲ. ಅಧಿಕಾರಿಯ ಜೇಬಿಂದಲೇ ಕೊಡಿಸಬೇಕು ಅಂದ್ರೆ ಅವರನ್ನ ಹೆಸರು ಹಿಡಿದು ಪಕ್ಷಗಾರರನ್ನಾಗಿ ಮಾಡಿ, ದುರುದ್ದೇಶಕ್ಕೆ ನಿರ್ದಿಷ್ಟ ಸಂಗತಿಗಳನ್ನ ಅಫಿಡವಿಟ್‌ನಲ್ಲಿ ಹೇಳಬೇಕು. ಸುಮ್ಮನೆ ‘ಶಾಮೀಲಾಗಿದ್ದಾರೆ’ ಅಂದ್ರೆ ಸಾಲದು.

ಖಾತೆಪುಸ್ತಕ, ಮೈಸೂರು

ಇಲಾಖೆಯಿಂದ ಬರದಿದ್ರೂ ತೆರಿಗೆಯಲ್ಲಿ ಒಂದಷ್ಟು ಉಳಿಸಬಹುದು, ಅದನ್ನ ಬಿಡಬೇಡಿ. ಈ ಫೀಸು ವ್ಯವಹಾರದ ಖರ್ಚು, ಲಾಭದಿಂದ ಕಳೆಯಬಹುದು. ನಿಮ್ಮ ವಹಿವಾಟು ಜಿಎಸ್‌ಟಿ ಮಿತಿ ದಾಟಿದ್ರೆ ವಕೀಲರ ಫೀಸಿನ ಮೇಲಿನ ಶೇ. 18 ರಿವರ್ಸ್ ಚಾರ್ಜ್‌ನಲ್ಲಿ ನೀವೇ ಕಟ್ಟಬೇಕು: 1.80 ಲಕ್ಷಕ್ಕೆ 32,400. ಜಿಎಸ್‌ಟಿ ಪೋರ್ಟಲ್ಲಿನ ಕ್ಯಾಶ್ ಲೆಡ್ಜರ್‌ನಿಂದಲೇ ಕಟ್ಟಿ, ಸೆಲ್ಫ್ ಇನ್‌ವಾಯ್ಸ್ ಮಾಡಿಟ್ಟುಕೊಂಡ್ರೆ ಇನ್‌ಪುಟ್ ಕ್ರೆಡಿಟ್ ಸಿಗುತ್ತೆ, ಅಂದ್ರೆ ನೀವು ಕಟ್ಟೋ ಜಿಎಸ್‌ಟಿಯಲ್ಲಿ ಅಷ್ಟು ಕಳೆಯಬಹುದು. ನೀವು ಪ್ರೊಪ್ರೈಟರ್ ಆಗಿದ್ದು ಹಿಂದಿನ ವರ್ಷದ ವಹಿವಾಟು 1 ಕೋಟಿ ದಾಟಿದ್ರೆ ಫೀಸಿನಿಂದ ಶೇ. 10 ಟಿಡಿಎಸ್ (ಕೊಡುವಾಗಲೇ ಹಿಡಿದು ಕಟ್ಟೋ ಆದಾಯ ತೆರಿಗೆ) ಹಿಡಿಯಬೇಕಿತ್ತು. ಹಿಡಿದಿಲ್ಲ ಅಂದ್ರೆ ಖರ್ಚಿನ ಶೇ. 30, ಅಂದ್ರೆ 54,000, ಈ ವರ್ಷದ ಲೆಕ್ಕದಲ್ಲಿ ಒಪ್ಪಲ್ಲ. ಟಿಡಿಎಸ್ ಕಟ್ಟಿದ ವರ್ಷ ಅದು ಸಿಗುತ್ತೆ. ಆಡಿಟರ್ ಹತ್ತಿರ ಹೋಗುವಾಗ ರಸೀದಿಗಳ ಜೊತೆ ರಿಟ್ ಆದೇಶದ ನಕಲೂ ಇರಲಿ, ಯಾವ ಕಾಮಗಾರಿಗೆ ಸಂಬಂಧಿಸಿದ ಖರ್ಚು ಅಂತ ತೋರಿಸೋಕೆ ಅದೇ ದಾಖಲೆ.