ಒಳ್ಳೆ ಬಟನ್ ಬಾಕ್ಸ್ ಬೇಕು, 30 ಸಾವಿರದವರೆಗೆ ಬಜೆಟ್. ದುಡ್ಡು ಯಾವುದಕ್ಕೆ ಹಾಕಲಿ?

ಮಂಡಿಮೇಲೆ_ಕೀಬೋರ್ಡ್

ಎಲ್ಲರಿಗೂ ನಮಸ್ಕಾರ. ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡಲು ಕಟ್ಟುತ್ತಿರುವ ನನ್ನ ರಿಗ್ (ಸೀಟು, ವೀಲ್, ಪೆಡಲ್ ಕೂರಿಸುವ ಚೌಕಟ್ಟು) ಹೆಚ್ಚೂಕಮ್ಮಿ ಮುಗಿದಿದೆ. ಅಲ್ಯೂಮಿನಿಯಂ ಪ್ರೊಫೈಲ್ ಫ್ರೇಮು, 9 ನ್ಯೂಟನ್ ಮೀಟರ್ ಡೈರೆಕ್ಟ್ ಡ್ರೈವ್ ಬೇಸು (ವೀಲ್ ನೇರವಾಗಿ ಮೋಟರಿಗೇ ಕೂರುವಂಥದ್ದು), ಲೋಡ್ ಸೆಲ್ ಪೆಡಲು (ಒತ್ತಿದ ಬಲ ಅಳೆಯುವಂಥದ್ದು), ಎದುರಿಗೆ ಒಂದು ಅಗಲದ ಮಾನಿಟರ್. ಆಡುವುದು ಮುಖ್ಯವಾಗಿ ಅಸೆಟ್ಟೊ ಕೋರ್ಸಾ ಕಾಂಪೆಟಿಟ್ಸಿಯೋನೆ, ಆಗಾಗ ಐರೇಸಿಂಗ್. ಎರಡರಲ್ಲೂ ಜಿಟಿ3 ವರ್ಗದ ರೇಸ್ ಕಾರುಗಳೇ. ಕೆಲವು ಸಲ ವಿಆರ್ (ಕಣ್ಣು ಪೂರ್ತಿ ಮುಚ್ಚುವ ಹೆಡ್‌ಸೆಟ್) ಹಾಕಿಕೊಳ್ಳುತ್ತೇನೆ.

ಇಷ್ಟು ದಿನ 20 ನಿಮಿಷದ ರೇಸು, ಹಾಗಾಗಿ ವೀಲ್ ಮೇಲಿನ ಬಟನ್‌ಗಳೇ ಸಾಕಾಗಿದ್ದವು. ಈಗ ಗೆಳೆಯರ ಜೊತೆ ಮೂರು ನಾಲ್ಕು ತಾಸಿನ ಎಂಡ್ಯೂರೆನ್ಸ್ ರೇಸು ಶುರುವಾಗಿದೆ. ಪಿಟ್‌ಗೆ ಬರುವ ಮೊದಲು ಪೆಟ್ರೋಲ್ ಎಷ್ಟು, ಯಾವ ಟೈರು, ಮುಂದಿನ ಡ್ರೈವರ್ ಯಾರು ಅಂತ ಹಾಕಬೇಕು, ಮಳೆ ಬಂದರೆ ವೈಪರ್, ಕತ್ತಲಾದರೆ ಲೈಟು, ಇದಕ್ಕೆಲ್ಲ ಮಂಡಿ ಮೇಲೆ ಕೀಬೋರ್ಡ್ ಇಟ್ಟುಕೊಂಡು ತಡಕಾಡಿ ತಡಕಾಡಿ ಸಾಕಾಗಿದೆ. ಅದಕ್ಕೇ ಬಟನ್ ಬಾಕ್ಸ್, ಅಂದರೆ ವೀಲ್ ಪಕ್ಕ ಕೂರಿಸುವ ಬಟನ್, ಸ್ವಿಚ್ಚುಗಳ ಡಬ್ಬಿ, ಬೇಕು.

ಆನ್‌ಲೈನ್‌ನಲ್ಲಿ ನೋಡಿದರೆ ತಲೆ ಕೆಡುತ್ತದೆ. ಕಾರ್ಬನ್ ಫೈಬರ್ ಮುಖ, ಕೆಂಪು ಮುಚ್ಚಳದ ಮಿಸೈಲ್ ಸ್ವಿಚ್ಚು, ಕಾರಿನ ಕೀ, ಬಣ್ಣಬಣ್ಣದ ಲೈಟು. ಒಂದು 6 ಸಾವಿರ, ಇನ್ನೊಂದು 40 ಸಾವಿರ. ಫೋಟೋದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಪ್ರೀಮಿಯಂ ಅಂದರೆ ನಿಜವಾಗಿ ಏನು? ಎಷ್ಟು ಬಟನ್ ಇರಬೇಕು? ಒಂದೇ ಸಲ ಒಳ್ಳೆಯದನ್ನು ತೆಗೆದುಕೊಂಡು ಸುಮ್ನೆ ಇದ್ದುಬಿಡೋಣ ಅಂತ ನನ್ನ ಆಸೆ.

ಪಿಟ್_ಲಿಮಿಟರ್

ಮೊದಲು ಬಟನ್ ಎಣಿಸುವುದನ್ನು ಬಿಡಿ ಸರ್. ಒಂದು ಹಾಳೆ ತೆಗೆದುಕೊಂಡು ರೇಸಿನಲ್ಲಿ ನಿಮ್ಮ ಕೈ ಏನೇನು ಮಾಡುತ್ತದೆ ಅಂತ ಬರೆಯಿರಿ. ತಿರುವಿನಲ್ಲಿ ಇದ್ದಾಗಲೂ ಬೇಕಾಗುವುದೆಲ್ಲ ವೀಲ್ ಮೇಲೆಯೇ ಇರಬೇಕು: ಟ್ರ್ಯಾಕ್ಷನ್ ಕಂಟ್ರೋಲ್ (ಚಕ್ರ ಜಾರದಂತೆ ತಡೆಯುವುದು), ಎಬಿಎಸ್, ಬ್ರೇಕ್ ಬಯಾಸ್ (ಮುಂದಿನ ಹಿಂದಿನ ಚಕ್ರಗಳಿಗೆ ಬ್ರೇಕ್ ಹಂಚಿಕೆ), ಲೈಟ್ ಫ್ಲ್ಯಾಶ್, ಪಿಟ್ ಲಿಮಿಟರ್ (ಪಿಟ್‌ನಲ್ಲಿ ವೇಗ ಮಿತಿ ಮೀರದಂತೆ ತಡೆಯುವುದು), ಗೆಳೆಯರ ಜೊತೆ ಮಾತಾಡುವ ಬಟನ್. ಇವನ್ನು ಬಾಕ್ಸಿಗೆ ಹಾಕಿದರೆ ಕೈ ವೀಲ್ ಬಿಡಬೇಕಾಗುತ್ತದೆ, ಅದು ಆಗದ ಮಾತು.

ನೇರ ರಸ್ತೆಯಲ್ಲೋ ಪಿಟ್‌ನಲ್ಲೋ ಮುಟ್ಟುವಂಥದ್ದು ಬಾಕ್ಸಿಗೆ. ಇಗ್ನಿಷನ್, ಸ್ಟಾರ್ಟರ್, ವೈಪರ್, ಹೆಡ್‌ಲೈಟ್, ರೇನ್ ಲೈಟ್, ಪಿಟ್ ಮೆನುವಿನಲ್ಲಿ ಮೇಲೆ ಕೆಳಗೆ ಎಡ ಬಲ, ಸೀಟ್ ಹೊಂದಿಸುವುದು, ವಿಆರ್ ಸೆಂಟರ್ ಮಾಡುವುದು. ಐರೇಸಿಂಗ್‌ಗೆ ಬ್ಲ್ಯಾಕ್ ಬಾಕ್ಸ್ (ಪರದೆ ಮೇಲಿನ ಮಾಹಿತಿ ಫಲಕ) ಪುಟ ಬದಲಿಸಲು ಇನ್ನೆರಡು. ಎಲ್ಲ ಸೇರಿ 20ರ ಆಸುಪಾಸು ಆಗುತ್ತದೆ. 40 ಬಟನ್ ಇರುವ ಬಾಕ್ಸ್ ತೆಗೆದುಕೊಂಡರೆ ಅರ್ಧ ಖಾಲಿ ಬಿದ್ದಿರುತ್ತದೆ. ಅಷ್ಟೇ ಆದರೆ ಪರವಾಗಿಲ್ಲ, ಬೇಕಾದದ್ದು ಆ ಗುಂಪಿನಲ್ಲಿ ಕೈಗೆ ಸಿಗುವುದಿಲ್ಲ.

ಗಂಟೆಗೆ 250 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 70 ಮೀಟರ್ ಹೋಗಿರುತ್ತೀರಿ. ಕಣ್ಣು ಕೆಳಗಿಳಿಸಿ ಹುಡುಕುವ ಬಾಕ್ಸ್ ಎಷ್ಟು ದುಬಾರಿಯಾದರೇನು? ಸ್ಪಾ ಟ್ರ್ಯಾಕಿನ ಕೆಮ್ಮೆಲ್ ನೇರದಲ್ಲಿ ಅಥವಾ ನ್ಯೂರ್ಬರ್ಗ್‌ರಿಂಗ್‌ನ ಡೊಟ್ಟಿಂಗರ್ ಹೋಹೆಯ ಉದ್ದ ನೇರದಲ್ಲಿ ಏನೋ ಸಮಯ ಸಿಗುತ್ತದೆ, ತಿರುವೇ ತುಂಬಿದ ಹಂಗರೋರಿಂಗ್‌ನಲ್ಲಿ ಎಲ್ಲಿ ಸಿಗುತ್ತದೆ ಹೇಳಿ. ಅದಕ್ಕೇ ಸಾಲಾಗಿ ಒಂದೇ ಥರದ ಬಟನ್ ಇರುವ ಬಾಕ್ಸ್ ಬೇಡ. ಮೇಲೆ ಟಾಗಲ್ (ಮೇಲೆ ಕೆಳಗೆ ಮಾಡುವ ಕಡ್ಡಿ ಸ್ವಿಚ್), ನಡುವೆ ಬಟನ್, ಕೆಳಗೆ ತಿರುಗಿಸುವ ನಾಬ್, ಹೀಗೆ ಆಕಾರ ಬೇರೆ ಬೇರೆ ಇದ್ದರೆ ಬೆರಳಿಗೇ ಗೊತ್ತಾಗುತ್ತದೆ. ವಿಆರ್ ಹಾಕಿದಾಗ ಅಂತೂ ಬೆರಳೇ ಕಣ್ಣು.

ಸ್ಟಾರ್ಟರ್ ಮಾತ್ರ ಮೂಲೆಯಲ್ಲಿ, ಒಂಟಿಯಾಗಿ, ದೊಡ್ಡದಾಗಿ ಇರಲಿ. ಸ್ಪಿನ್ ಆಗಿ ಎಂಜಿನ್ ಆಫ್ ಆಗಿ ರಸ್ತೆಗೆ ಅಡ್ಡ ನಿಂತಾಗ ಅದನ್ನು ಹುಡುಕುತ್ತಾ ಕೂರಬಾರದು.

ಹುಬ್ಬಳ್ಳಿ_ಹೇರ್‌ಪಿನ್

ಮೇಲಿನವರು ಹೇಳಿದ್ದು ಸರಿ ಅದೆ. ಆದರೆ ದುಡ್ಡು ಎಲ್ಲಿ ಹೋಗುತ್ತದೆ ಅನ್ನೋದು ನಿಮ್ಮ ಪ್ರಶ್ನೆ ಅಲ್ವಾ, ಅದನ್ನು ನೋಡೋಣ್ರಿ.

ಪ್ರೀಮಿಯಂ ಅನ್ನೋದು ಒಳಗೆ ಇರುತ್ತದೆ. ಮುಖದ ಮೇಲಿನ ಕಾರ್ಬನ್ ಅಲ್ಲ. ಸ್ವಿಚ್ ಯಾವ ಕಂಪನಿಯದು ಅಂತ ಕೇಳ್ರಿ. ಎಪಿಇಎಂ, ಓಟ್ಟೊ, ಎನ್‌ಕೆಕೆ, ಸಿ ಅಂಡ್ ಕೆ, ಗ್ರೇಹಿಲ್ ಇಂಥ ಹೆಸರು ಹೇಳಿದರೆ ಅರ್ಧ ನಂಬಬಹುದು. ಹೇಳದೆ ಬರೀ "ಹೈ ಕ್ವಾಲಿಟಿ" ಅಂದರೆ ಸುಮ್ಮನೆ ಮುಂದೆ ಹೋಗ್ರಿ. ಒಳ್ಳೆ ಬಟನ್ ಒತ್ತಿದಾಗ ಒಂದು ಖಚಿತವಾದ ಟಕ್ ಇರುತ್ತದೆ, ಕೈಗೆ ಗ್ಲೌಸ್ ಇದ್ದರೂ ಗೊತ್ತಾಗುತ್ತದೆ. ಐಪಿ67 ಅಂತ ಬರೆದಿದ್ದರೆ ಅದು ಧೂಳು ನೀರು ತಡೆಯುತ್ತದೆ ಅಂತ ಅರ್ಥ, ಮನೆಯೊಳಗಿನ ರಿಗ್‌ಗೆ ಅಷ್ಟೇನೂ ಬೇಕಿಲ್ಲ.

ಎರಡನೆಯದು ಎನ್‌ಕೋಡರ್, ಅಂದರೆ ಎಷ್ಟು ಸುತ್ತಿದರೂ ನಿಲ್ಲದೆ ತಿರುಗುವ ನಾಬ್. ಹೆಚ್ಚಿನವರು ಎಡವುವುದು ಇಲ್ಲಿ. ಒಂದು ಕ್ಲಿಕ್ ತಿರುಗಿಸಿದರೆ ಅದು ಕಂಪ್ಯೂಟರಿಗೆ ಒಂದು ಬಟನ್ ಒತ್ತಿ ಬಿಟ್ಟ ಹಾಗೆ ಹೋಗುತ್ತದೆ. ಆ ಒತ್ತು ಎಷ್ಟು ಹೊತ್ತು ಇರಬೇಕು ಅನ್ನೋದನ್ನು ಬಾಕ್ಸಿನ ಫರ್ಮ್‌ವೇರ್, ಅಂದರೆ ಒಳಗಿನ ಪ್ರೋಗ್ರಾಂ, ತೀರ್ಮಾನ ಮಾಡುತ್ತದೆ. ಗೇಮ್ ಸೆಕೆಂಡಿಗೆ 60 ಸಲ ಬಟನ್ ನೋಡುತ್ತದೆ ಅಂತ ಇಟ್ಟುಕೊಳ್ರಿ, ಆಗ ಎರಡು ನೋಟದ ನಡುವೆ ಸುಮಾರು 17 ಮಿಲಿಸೆಕೆಂಡ್ ಅಂತರ ಇರುತ್ತದೆ. ಬಾಕ್ಸ್ 10 ಮಿಲಿಸೆಕೆಂಡ್ ಮಾತ್ರ ಒತ್ತಿ ಬಿಟ್ಟರೆ ಗೇಮಿಗೆ ಒಮ್ಮೆ ಕಾಣುತ್ತದೆ, ಒಮ್ಮೆ ಕಾಣೋದಿಲ್ಲ. ನೀವು ಐದು ಕ್ಲಿಕ್ ತಿರುಗಿಸಿದ್ರಿ, ಪೆಟ್ರೋಲ್ ಮೂರೇ ಲೀಟರ್ ಏರಿತು. ಆಗ ಎಲ್ಲರೂ ಬೈಯೋದು ಎನ್‌ಕೋಡರನ್ನು, ಪಾಪ ಅದರ ತಪ್ಪು ಏನೂ ಇರೋದಿಲ್ಲ. ಹಾಗಂತ 100 ಮಿಲಿಸೆಕೆಂಡ್ ಇಟ್ಟರೆ ಜೋರಾಗಿ ತಿರುಗಿಸಿದಾಗ ಹಿಂದೆ ಬೀಳುತ್ತದೆ. ಅದಕ್ಕೇ ಈ ಸಮಯವನ್ನು ನಾವೇ ಬದಲಿಸುವ ಹಾಗೆ ಇದೆಯಾ ಅಂತ ಮಾರುವವರನ್ನು ಕೇಳ್ರಿ. ನನ್ನ ಪ್ರಕಾರ 30 ಸಾವಿರದ ಬಾಕ್ಸಿಗೂ 6 ಸಾವಿರದ್ದಕ್ಕೂ ಇರಬೇಕಾದ ದೊಡ್ಡ ವ್ಯತ್ಯಾಸವೇ ಇದು, ಜಾಹೀರಾತಿನಲ್ಲಿ ಮಾತ್ರ ಇದರ ಸುದ್ದಿ ಇರೋದಿಲ್ಲ.

ಮೂರನೆಯದು ಟಾಗಲ್. ಮೇಲೆ ಹಾಕಿದರೆ ಮೇಲೆಯೇ ನಿಲ್ಲುವ ಟಾಗಲ್ ನೋಡಲು ಚಂದ. ಆದರೆ ಬಹಳ ಗೇಮ್‌ಗಳಿಗೆ ಬೇಕಿರುವುದು ಒಂದು ಒತ್ತು ಮಾತ್ರ: ಒತ್ತಿದರೆ ಲೈಟ್ ಆನ್, ಇನ್ನೊಮ್ಮೆ ಒತ್ತಿದರೆ ಆಫ್. ನಿಲ್ಲುವ ಟಾಗಲ್ ಕೆಳಗಿಳಿಸಿದಾಗ ಗೇಮಿಗೆ ಹೊಸ ಒತ್ತು ಹೋಗೋದೇ ಇಲ್ಲ, ಹಾಗಾಗಿ ಲೈಟ್ ಉರಿಯುತ್ತಲೇ ಇರುತ್ತದೆ. ಮೇಲೆ ಹೋದಾಗ ಒಂದು, ಕೆಳಗೆ ಬಂದಾಗ ಒಂದು ಒತ್ತು ಕಳಿಸುವ ಫರ್ಮ್‌ವೇರ್ ಇದ್ದರೆ ತಗೋರಿ. ಇಲ್ಲದಿದ್ದರೆ ಬಿಟ್ಟ ಕೂಡಲೇ ನಡುವಿಗೆ ಬರುವ ಸ್ಪ್ರಿಂಗ್ ಟಾಗಲ್ ಒಳ್ಳೇದು. ಒಂದೇ ಜಾಗದಲ್ಲಿ ಮೇಲೊಂದು ಕೆಳಗೊಂದು, ಎರಡು ಬಟನ್ ಕೆಲಸ ಮಾಡುತ್ತದೆ.

ಕೀ ಬೇಡ್ರಿ. ಒಂದು ವಾರ ತಿರುಗಿಸಿ ಖುಷಿ ಪಡುತ್ತೀರಿ, ಆಮೇಲೆ ಅದು ಮೊಣಕಾಲಿಗೆ ತಗಲುತ್ತಾ ಇರುತ್ತದೆ.

ಎಲ್‌ಸಿಡಿ_ಪಾರ್ಟಿ

ಯಾರೂ ಸ್ಟ್ರೀಮ್ ಡೆಕ್ ಹೆಸರೇ ಎತ್ತಲಿಲ್ಲವಲ್ಲ. ಎಲ್ಗಾಟೊದ್ದು, 15 ಕೀ ಇರುವುದು ಸಿಗುತ್ತದೆ, 32 ಕೀಗಳ ಎಕ್ಸ್‌ಎಲ್ ಕೂಡ ಇದೆ. ಪ್ರತಿ ಕೀ ಮೇಲೂ ಚಿತ್ರ, ಕಾರಿಗೆ ತಕ್ಕ ಹಾಗೆ ಪುಟ ಬದಲಾಗುತ್ತದೆ, ಮೇಲೇನೂ ಬರೆಯುವ ಅಂಟಿಸುವ ಕೆಲಸವಿಲ್ಲ. ಐರೇಸಿಂಗ್‌ನಲ್ಲಿ ಪಿಟ್ ಕಮ್ಯಾಂಡ್‌ಗಳನ್ನು ಮೊದಲೇ ಬರೆದಿಟ್ಟುಕೊಳ್ಳಬಹುದು. "ಎಲ್ಲ ಟಿಕ್ ತೆಗೆ, 40 ಲೀಟರ್ ಹಾಕು, ಗಾಜು ಒರೆಸು" ಅನ್ನುವುದು ಒಂದೇ ಒತ್ತಿನಲ್ಲಿ ಮುಗಿಯುತ್ತದೆ. ನಿಮ್ಮ ಎನ್‌ಕೋಡರಿನಲ್ಲಿ ಇದನ್ನು ಮಾಡಿ ತೋರಿಸಿ ನೋಡೋಣ.

ಪಿಟ್_ಲಿಮಿಟರ್

ಸ್ಟ್ರೀಮ್ ಡೆಕ್ ಒಳ್ಳೆಯದೇ ಗುರು, ಇಲ್ಲ ಅನ್ನುವುದಿಲ್ಲ. ಆದರೆ ಅದು ವಿಂಡೋಸ್‌ಗೆ ಗೇಮ್ ಕಂಟ್ರೋಲರ್ ಆಗಿ ಕಾಣುವುದಿಲ್ಲ, ಹೆಚ್ಚಾಗಿ ಕೀಬೋರ್ಡ್ ಒತ್ತಿದ ಹಾಗೆ ಕಳಿಸುತ್ತದೆ. ನಡುವೆ ಚಾಟ್ ಆ್ಯಪ್ ಡಿಸ್ಕಾರ್ಡಿನ ಕಿಟಕಿ ಮುಂದೆ ಬಂದಿದ್ದರೆ ನಿಮ್ಮ 40 ಲೀಟರ್ ಅಲ್ಲಿ ಮೆಸೇಜ್ ಆಗಿ ಹೋಗುತ್ತದೆ. ಜೊತೆಗೆ ಕೇಳಿದವರು ವಿಆರ್ ಹಾಕುತ್ತಾರಂತೆ. ಸಾಲಾಗಿ ಒಂದೇ ಅಳತೆಯ ಮೆತ್ತನೆ ಚೌಕಗಳು, ಚಿತ್ರವೇ ಕಾಣದಿದ್ದರೆ ಏನು ಪ್ರಯೋಜನ?

ಎಲ್‌ಸಿಡಿ_ಪಾರ್ಟಿ

ವಿಆರ್ ಮಾತು ಒಪ್ಪಿದೆ. ಆದರೆ ಅವರು ವಿಆರ್ ಹಾಕುವುದು ಕೆಲವು ಸಲ ಮಾತ್ರ. ಎಂಡ್ಯೂರೆನ್ಸ್‌ಗೆ ಪಿಟ್ ಕಮ್ಯಾಂಡೇ ಮುಖ್ಯ ಅಂತ ನನ್ನ ಲೆಕ್ಕ. ಚಿಕ್ಕ ಬಾಕ್ಸ್ ಒಂದು, ಸ್ಟ್ರೀಮ್ ಡೆಕ್ ಒಂದು, ಎರಡೂ ಸೇರಿ 30 ಸಾವಿರದೊಳಗೆ ಆಗುತ್ತದಾ ಅಂತ ನೋಡಲಿ.

ಬೆಸುಗೆ_ಬಸ್ಯಾ

ಮನೆಯಲ್ಲೇ ಮಾಡಿಕೊಳ್ಳುವ ಬಗ್ಗೆ ಯೋಚಿಸಿದ್ದೀರಾ? ಬೆಂಗಳೂರಿನವರಾದರೆ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಒಂದು ಶನಿವಾರ ಹೋಗಿ. ಟಾಗಲ್, ಪುಶ್ ಬಟನ್, ವೈರು, ಡಯೋಡ್ ಎಲ್ಲ ಅಲ್ಲೇ ಸಿಗುತ್ತದೆ, ಮುಖ್ಯವಾಗಿ ಒತ್ತಿ ನೋಡಿ ಆರಿಸಬಹುದು. ಅದೊಂದು ಭಾಗ್ಯ ಆನ್‌ಲೈನ್‌ನಲ್ಲಿ ಎಲ್ಲಿದೆ?

ಬಟನ್ನುಗಳನ್ನು ಕಂಪ್ಯೂಟರಿಗೆ ಜೋಡಿಸುವ ಬೋರ್ಡ್ ತೆಗೆದುಕೊಳ್ಳುವಾಗ ಆರ್ಡುಯಿನೊ ಲಿಯೊನಾರ್ಡೊ ಅಥವಾ ಪ್ರೊ ಮೈಕ್ರೊ ನೋಡಿ. ಎರಡರಲ್ಲೂ ಎಟಿಮೆಗಾ 32ಯು4 ಚಿಪ್ ಇದೆ, ಅದು ನೇರವಾಗಿ ಯುಎಸ್‌ಬಿ ಜಾಯ್‌ಸ್ಟಿಕ್ ಆಗಿ ಕಾಣಿಸಿಕೊಳ್ಳುತ್ತದೆ. ಅಗ್ಗ ಅಂತ ಆರ್ಡುಯಿನೊ ಊನೊ ತಂದರೆ ಆ ಕೆಲಸ ಸುಲಭಕ್ಕೆ ಆಗುವುದಿಲ್ಲ. ಐದು ಸಾಲು ಐದು ಕಂಬದ ಮ್ಯಾಟ್ರಿಕ್ಸ್ ಹಾಕಿದರೆ 10 ಪಿನ್ನಿನಲ್ಲಿ 25 ಬಟನ್ ಆಗುತ್ತದೆ. ಪ್ರತಿ ಬಟನ್ನಿಗೂ ಒಂದು 1ಎನ್4148 ಡಯೋಡ್ ಹಾಕಲೇಬೇಕು, ಇಲ್ಲದಿದ್ದರೆ ಮೂರು ಬಟನ್ ಒಟ್ಟಿಗೆ ಒತ್ತಿದಾಗ ಒತ್ತದ ನಾಲ್ಕನೆಯದೂ ಒತ್ತಿದ ಹಾಗೆ ತೋರಿಸುತ್ತದೆ. ಕೋಡ್ ಬರೆಯಲು ಬೇಜಾರಾದರೆ ಇಂಗ್ಲೆಂಡಿನ ಲಿಯೊ ಬೋಡ್ನರ್ ಅವರ ಬಿಬಿಐ-32 ಬೋರ್ಡ್ ಇದೆ, 32 ಬಟನ್‌ವರೆಗೆ ತಗಲಿಸಬಹುದು, ಎನ್‌ಕೋಡರ್ ಕೂಡ ಹಿಡಿಯುತ್ತದೆ.

ನಿಮ್ಮ ಬಜೆಟ್ಟಿನ ಮೂರನೇ ಒಂದು ಭಾಗದಲ್ಲಿ, ಒಳ್ಳೆ ಸ್ವಿಚ್ಚೇ ಹಾಕಿ, ನಿಮ್ಮ ಕೈ ಅಳತೆಗೆ ತಕ್ಕ ಬಾಕ್ಸ್ ತಯಾರಾಗುತ್ತದೆ.

ಐಂಡ್‌ಹೋವನ್_ಕನ್ನಡಿಗ

ಬಸ್ಯಾ ಹೇಳಿದ್ದು ಬೆಸುಗೆ ಹಾಕಲು ಕೈ ಬರುವವರಿಗೆ ಸರಿ. ಕೇಳಿದವರು "ಸುಮ್ನೆ ಇದ್ದುಬಿಡೋಣ" ಅಂದಿದ್ದಾರೆ, ಮನೆಯಲ್ಲಿ ಮಾಡಿದ ಬಾಕ್ಸ್ ಅಂದರೆ ಸುಮ್ಮನೆ ಇರಲು ಬಿಡುವುದಿಲ್ಲ, ಪ್ರತಿ ವಾರ ಬಿಚ್ಚಿ ಏನೋ ಒಂದು ಸರಿಮಾಡಬೇಕು ಅನ್ನಿಸುತ್ತದೆ :)

ಹೊರದೇಶದಿಂದ ತರಿಸುವುದಾದರೆ ಎರಡು ಮಾತು. ಅಮೆರಿಕದ ಡೆರೆಕ್ ಸ್ಪಿಯರ್ ಡಿಸೈನ್ಸ್ ಥರದವರು ಈ ಕೆಲಸದಲ್ಲಿ ಹಳಬರು, ಯುರೋಪಿನಲ್ಲೂ ಚಿಕ್ಕ ಚಿಕ್ಕ ತಯಾರಕರಿದ್ದಾರೆ. ಇಂಥ ಕಡೆ ಆರ್ಡರ್ ಬಂದ ಮೇಲೆ ಮಾಡಿಕೊಡುವುದೇ ಹೆಚ್ಚು, ತಡವಾಗುತ್ತದೆ ಅಂತ ತಿಳಿದುಕೊಂಡೇ ಆರ್ಡರ್ ಮಾಡಿ. ಭಾರತದಲ್ಲಿ ಕಸ್ಟಮ್ಸ್ ಸುಂಕವನ್ನು ಬರೀ ಬಾಕ್ಸಿನ ಬೆಲೆಗೆ ಹಾಕುವುದಿಲ್ಲ, ಸಾಗಣೆ ಮತ್ತು ಇನ್ಶೂರೆನ್ಸ್ ಸೇರಿಸಿದ ಮೊತ್ತಕ್ಕೆ ಹಾಕುತ್ತಾರೆ, ಅದರ ಮೇಲೆ ಮತ್ತೆ ಐಜಿಎಸ್‌ಟಿ. ಹಾಗಾಗಿ 30 ಸಾವಿರ ಬಜೆಟ್ ಅಂದರೆ ವೆಬ್‌ಸೈಟಿನಲ್ಲಿ ನೀವು ನೋಡಬೇಕಾದ ಬೆಲೆ ಅದಕ್ಕಿಂತ ತುಂಬಾ ಕಡಿಮೆ. ಇನ್ನೊಂದು, ಒಂದು ಬಟನ್ ಕೆಟ್ಟರೆ ಇಡೀ ಬಾಕ್ಸ್ ವಾಪಸ್ ಕಳಿಸಬೇಕಾ, ಇಲ್ಲ ಬಟನ್ ಮಾತ್ರ ಕಳಿಸಿದರೆ ನಾವೇ ಹಾಕಿಕೊಳ್ಳಬಹುದಾ ಅಂತ ಮೊದಲೇ ಕೇಳಿ. ಹಿಂದಿನ ಮುಚ್ಚಳ ಸ್ಕ್ರೂನಲ್ಲಿ ಬಿಚ್ಚುವಂತಿರಬೇಕು, ಅಂಟಿಸಿದ್ದು ಬೇಡವೇ ಬೇಡ.

ಕೇಬಲ್ ಕೂಡ ನೋಡಿ. ಬಾಕ್ಸಿನ ಒಳಗಿಂದಲೇ ಬಂದ ಕೇಬಲ್ ಎಳೆದಾಡಿ ಕಿತ್ತುಹೋದರೆ ಕಷ್ಟ, ಬಿಚ್ಚಿ ಹಾಕುವ ಯುಎಸ್‌ಬಿ ಸಾಕೆಟ್ ಇದ್ದರೆ ಬೇರೆ ಕೇಬಲ್ ತಂದರಾಯಿತು.

ಮಂಡಿಮೇಲೆ_ಕೀಬೋರ್ಡ್

ಅಬ್ಬಾ, ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಪಟ್ಟಿ ಬರೆದೆ. ಬಾಕ್ಸಿಗೆ ಹೋಗಬೇಕಾದದ್ದು 18 ಬಂತು. ಬೆಸುಗೆ ನನ್ನ ಕೈಲಿ ಆಗದ ಕೆಲಸ ಬಸ್ಯಾ, ಕ್ಷಮಿಸಿ. ನಮ್ಮ ದೇಶದಲ್ಲೇ ಮಾಡಿಕೊಡುವವರು ಒಬ್ಬರು ಸಿಕ್ಕಿದ್ದಾರೆ, 8 ಬಟನ್, 4 ಸ್ಪ್ರಿಂಗ್ ಟಾಗಲ್, 2 ಎನ್‌ಕೋಡರ್. ಟಾಗಲ್, ಎನ್‌ಕೋಡರ್ ಒಂದೊಂದೂ ಎರಡೆರಡು ಕೆಲಸ ಮಾಡುವುದರಿಂದ 20 ಆಗುತ್ತದೆ, 18ಕ್ಕೆ ಸಾಕು. ಎನ್‌ಕೋಡರ್ ಸಮಯ ಬದಲಿಸಬಹುದಂತೆ. ಸ್ವಿಚ್ ಹೆಸರು ಕೇಳಿದ್ದಕ್ಕೆ ಎಪಿಇಎಂ ಅಂತ ಉತ್ತರ ಬಂತು.

ಉಳಿದದ್ದು ಎರಡು. ಇದನ್ನು ಎಲ್ಲಿ ಕೂರಿಸಲಿ, ಎಡಕ್ಕಾ ಬಲಕ್ಕಾ? ಮತ್ತೆ ಅವರು ಒಂದು ಮಿಸೈಲ್ ಮುಚ್ಚಳ ಪುಕ್ಕಟೆ ಕೊಡುತ್ತೇನೆ ಅನ್ನುತ್ತಿದ್ದಾರೆ, ಹಾಕಿಸಲಾ?

ಹುಬ್ಬಳ್ಳಿ_ಹೇರ್‌ಪಿನ್

ಹಾಕಿಸ್ರಿ, ಆದರೆ ಇಗ್ನಿಷನ್‌ಗೆ ಅಲ್ಲ. ಐರೇಸಿಂಗ್‌ನಲ್ಲಿ ಕಾರನ್ನು ಪಿಟ್‌ಗೆ ಟೋ ಮಾಡಿಸುವ ಬಟನ್ ಇದೆಯಲ್ಲ, ಅದಕ್ಕೆ ಕೊಡ್ರಿ. ಅದು ಆಕಸ್ಮಿಕವಾಗಿ ತಗಲಬಾರದ ಬಟನ್, ಅದಕ್ಕೆ ಮುಚ್ಚಳ ನಿಜವಾಗಿ ಕೆಲಸಕ್ಕೆ ಬರುತ್ತದೆ.

ಜಾಗದ ಮಾತು: ಸೀಟಿನಲ್ಲಿ ಬೆಲ್ಟ್ ಕಟ್ಟಿದವರ ಹಾಗೆ ಬೆನ್ನು ಒರಗಿಸಿ ಕೂತು, ಭುಜ ಮುಂದೆ ಬಾರದಂತೆ ಕೈ ಚಾಚ್ರಿ. ಬೆರಳು ಎಲ್ಲಿ ಬರುತ್ತದೋ ಅಲ್ಲಿ. ಎಡಗಡೆ ಸ್ಟೀರಿಂಗ್ ಇರುವ ಜಿಟಿ3 ಕಾರುಗಳಲ್ಲಿ ನಡುವಿನ ಪ್ಯಾನೆಲ್ ಬಲಕ್ಕೆ ಇರುತ್ತದೆ, ನಾನಂತೂ ಬಲಕ್ಕೇ ಹಾಕುತ್ತೇನೆ. ನೀವು ಬಲಗಡೆ ಶಿಫ್ಟರ್ ಇಟ್ಟಿದ್ದರೆ ಬೇರೆ ಮಾತು. ಒಂದೇ ಒಂದು ತೆಳು ಪಟ್ಟಿಗೆ ಹಾಕಬ್ಯಾಡ್ರಿ, ಒತ್ತಿದಾಗ ಬಾಕ್ಸೇ ಹಿಂದೆ ಬಾಗಿದರೆ ಎಪಿಇಎಂ ಸ್ವಿಚ್ ಹಾಕಿಸಿದ್ದು ದಂಡ. ಎರಡು ಕಡೆ ಬೋಲ್ಟ್ ಬರಬೇಕು. ತೂತುಗಳ ಅಂತರ ಕೇಳಿಕೊಂಡು ಆಮೇಲೆ ಬ್ರಾಕೆಟ್ ಕೊಳ್ರಿ.

ಐಂಡ್‌ಹೋವನ್_ಕನ್ನಡಿಗ

ಬಾಕ್ಸ್ ಬಂದ ಮೇಲೆ ಒಂದು ಕೆಲಸ ಮಾಡಿ. ಡೈರೆಕ್ಟ್ ಡ್ರೈವ್ ಬೇಸಿನ ಪವರ್ ಕೇಬಲ್ ಪಕ್ಕದಲ್ಲೇ ಬಾಕ್ಸಿನ ಯುಎಸ್‌ಬಿ ಕೇಬಲ್ ಕಟ್ಟಬೇಡಿ, ಮೋಟರಿನ ವಿದ್ಯುತ್ ಗಲಾಟೆಗೆ ರೇಸಿನ ಮಧ್ಯೆ ಬಾಕ್ಸ್ ಕಳಚಿಕೊಂಡು ಮತ್ತೆ ಜೋಡಣೆಯಾಗುವುದುಂಟು. ಶೀಲ್ಡ್ ಇರುವ ಕೇಬಲ್, ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಬಳಸಿ. ವಿಂಡೋಸ್‌ನ ಪವರ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ (ಸುಮ್ಮನಿರುವ ಸಾಧನವನ್ನು ಮಲಗಿಸುವುದು) ಆಫ್ ಮಾಡಿ. ಹಾಗೇ ಬಾಕ್ಸನ್ನು ಒಂದೇ ಪೋರ್ಟಿಗೆ ಹಾಕುತ್ತಾ ಇರಿ, ಪೋರ್ಟ್ ಬದಲಾದರೆ ಕೆಲವು ಗೇಮ್‌ಗಳು ಅದನ್ನು ಹೊಸ ಸಾಧನ ಅಂದುಕೊಂಡು ಬಟನ್ ಸೆಟ್ಟಿಂಗ್ ಎಲ್ಲ ಮರೆತುಬಿಡುತ್ತವೆ.

ಬೆಸುಗೆ_ಬಸ್ಯಾ

ಕ್ಷಮಿಸಿದ್ದೇನೆ. ಲೇಬಲ್ ಮಾತ್ರ ಕೆತ್ತಿಸಬೇಡಿ, ಒಂದು ತಿಂಗಳು ಆಡಿದ ಮೇಲೆ ಬಟನ್‌ಗಳ ಜಾಗ ಬದಲಿಸಿಯೇ ಬದಲಿಸುತ್ತೀರಿ. ಸ್ಟಿಕ್ಕರ್ ಸಾಕು.