ಇಷ್ಟು ಓದಿದ ಚಿಕ್ಕಪ್ಪ ಇದನ್ನು ಹೇಗೆ ನಂಬುತ್ತಾರೆ?

ಪ್ರಶ್ನೆ: ನಮ್ಮ ಚಿಕ್ಕಪ್ಪ ಎಂಜಿನಿಯರ್. ಆದರೂ ಚಂದ್ರನ ಮೇಲೆ ಮನುಷ್ಯ ಇಳಿದೇ ಇಲ್ಲ ಎನ್ನುತ್ತಾರೆ. ಪುರಾವೆ ಕೊಟ್ಟಷ್ಟೂ ಹಟ ಜಾಸ್ತಿ. ಯಾಕೆ ಹೀಗೆ?

ಉತ್ತರ 1: ಅವರ ಗೆಳೆಯರು ಏನು ನಂಬುತ್ತಾರೆ, ನೋಡಿ. ಈ ನಂಬಿಕೆಯಿಂದ ಅವರಿಗೆ ನಷ್ಟವೇನಿಲ್ಲ. ಬಿಟ್ಟರೆ ಗುಂಪೇ ಕೈತಪ್ಪುತ್ತದೆ. 1950ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಸಾಲಮನ್ ಆಶ್ ಒಂದು ಪ್ರಯೋಗದಲ್ಲಿ ಜನರಿಗೆ ಗೆರೆಗಳ ಉದ್ದ ಹೋಲಿಸಲು ಹೇಳಿದರು. ಜೊತೆಗಿದ್ದ ಉಳಿದವರೆಲ್ಲ ಆಶ್ ಹೇಳಿಕೊಟ್ಟಂತೆ ಬೇಕೆಂದೇ ತಪ್ಪು ಹೇಳಿದಾಗ, ಸುಮಾರು ಮುಕ್ಕಾಲು ಪಾಲು ಜನ ಒಮ್ಮೆಯಾದರೂ ಹೂಂಗುಟ್ಟಿದರು. ಬರೀ ಗೆರೆಗೇ ಹೀಗೆ! ಜೊತೆಗೆ ಒಬ್ಬನಾದರೂ ಸರಿ ಹೇಳಿದರೆ ಹೀಗೆ ಹೂಂಗುಟ್ಟುವುದು ತುಂಬಾ ಇಳಿಯುತ್ತಿತ್ತು.

ಉತ್ತರ 2: ಓದಿದವರಿಗೆ ನೆಪ ಹುಡುಕುವುದೂ ಸುಲಭ, ಅಲ್ವಾ?

ಪ್ರಶ್ನೆ ಕೇಳಿದವರು: ನಿವೃತ್ತಿಯಾದ ಮೇಲೆ ಚಿಕ್ಕಪ್ಪ ಇದನ್ನೇ ನಂಬುವ ಒಂದು ವಾಟ್ಸಾಪ್ ಗುಂಪು ಸೇರಿದರು. ಅಲ್ಲಿ ಎಲ್ಲರಿಗೂ ಅವರೇ ‘ಸರ್’.

ಉತ್ತರ 1: ಹಾಗಾದರೆ ಎಲ್ಲರೆದುರು ಸುಮ್ನೆ ವಾದ ಬೇಡ. ಒಬ್ಬರೇ ಇದ್ದಾಗ ಮಾತಾಡಿ.